ಗೋಡೆಯ ಬೂಷ್ಟಿಗೆ ಅನ್ನ-ನೀರು ನಿಲ್ಲಿಸಿದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಅದು ಅಲ್ಲಿ ಇಲ್ಲದೆ ಹೋಗಿದ್ದರೆ ನಮ್ಮೂರ ಈಶ್ವರನ ಗುಡಿಯ ಗೋಡೆ ಇವತ್ತು ತೇದು ತೇದು ಉಳಿದ ಸೋಪಿನ ಬಿಲ್ಲೆಯ ಹಾಗೆ ನಿಂತಿರುತ್ತಿತ್ತು.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವಳು. ಗಂಡನ ಮನೆಯೂ ಕಡೂರೇ. ತವರು ಮಾತ್ರ ಅಜ್ಜಂಪುರದಿಂದ ಒಳಕ್ಕೆ, ಸ್ಕೂಟರಿನಲ್ಲಿ ಹೋದರೆ ಸೊಂಟ ನೆನಪಿಟ್ಟುಕೊಳ್ಳುವಂಥ ರಸ್ತೆಯ ತುದಿಯಲ್ಲಿದೆ. ಊರ ನಡುವಿನ ಆ ಗುಡಿಯನ್ನು ಕಟ್ಟಿಸಿದವರು ಯಾರು ಎಂದು ಯಾರಿಗೂ ಗೊತ್ತಿಲ್ಲ, ಯಾವ ಇಲಾಖೆಯೂ ಅದನ್ನು ತನ್ನದು ಎಂದು ಹೇಳಿಕೊಂಡಿಲ್ಲ. ಊರವರದೇ ಗುಡಿ, ಊರವರದೇ ಸಮಿತಿ. ಇಡೀ ಗುಡಿ ಬಳಪದ ಕಲ್ಲಿನದು. ನಾವು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪವಿದೆಯಲ್ಲ, ಅದರ ಜಾತಿಯ ಕಲ್ಲು. ಅಷ್ಟು ಮೆದು. ಮೆದುವಾದ್ದರಿಂದಲೇ ಅದರಲ್ಲಿ ಅಷ್ಟು ನಾಜೂಕಾಗಿ ಕೆತ್ತಲು ಆಗಿದ್ದು.

ಬಡಗಣ ಗೋಡೆಯ ಮೂಲೆಯಲ್ಲಿ, ಒಬ್ಬ ಹುಡುಗಿಯ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಮದ್ದಲೆ ಬಾರಿಸುವವನ ಒಂದು ಚಿಕ್ಕ ಮೂರ್ತಿಯಿದೆ. ಅವನ ಎಡಗಾಲಿನ ಗೆಜ್ಜೆಗೂ ಕಾಲಿಗೂ ನಡುವೆ ಕೂದಲೆಳೆಯಷ್ಟು ಸಂದು. ನಾವು ಹುಡುಗಿಯರು ಲಂಗದ ಅಂಚಿನಿಂದ ಒಂದು ದಾರ ಎಳೆದು, ಎಂಜಲು ಹಚ್ಚಿ ಚೂಪು ಮಾಡಿ, ಆ ಸಂದಿನೊಳಗೆ ತೂರಿಸುತ್ತಿದ್ದೆವು. ದಾರ ಆ ಕಡೆ ಬಂದರೆ ಗೆದ್ದ ಹಾಗೆ. ಲಂಗದ ಅಂಚೆಲ್ಲ ಬಿಚ್ಚಿಕೊಂಡು ಬಂದದ್ದಕ್ಕೆ ಮನೆಯಲ್ಲಿ ಬೈಸಿಕೊಂಡದ್ದೂ ಉಂಟು. ಕಲ್ಲಿನ ಕಾಲಿಗೆ ಕಲ್ಲಿನ ಗೆಜ್ಜೆಯನ್ನು ನಿಜವಾಗಿಯೂ ಬಿಡಿಸಿ ತೊಡಿಸಿದ್ದಾನಲ್ಲ ಆ ಶಿಲ್ಪಿ, ಅವನ ಕೈಗೆ ಒಂದು ಶರಣು ಎಂದು ನನಗೆ ಆಗಲೇ ಅನ್ನಿಸುತ್ತಿತ್ತು.

ಈಚಿನ ವರ್ಷಗಳಲ್ಲಿ ಆ ಗೋಡೆ ಕಪ್ಪಾಗುತ್ತಾ ಬಂತು. ಮೊದಲು ಹಸಿರು ಪಾಚಿ, ಆಮೇಲೆ ಬೂದು ಬಣ್ಣದ ಕಲ್ಲುಹೂವು, ಅದರ ಮೇಲೆ ಮಸಿ ಬಳಿದಂಥ ಬೂಷ್ಟು. ಮದ್ದಲೆಯವನ ಮುಖವೇ ಕಾಣದಾಯಿತು. ಗೆಜ್ಜೆಯ ಸಂದು ಮುಚ್ಚಿಹೋಯಿತು.

ಎರಡು ವರ್ಷದ ಹಿಂದಿನ ಶಿವರಾತ್ರಿಯ ಮಾರನೆಯ ದಿನ ಗುಡಿಯ ಜಗಲಿಯ ಮೇಲೆ ಸಭೆ ಸೇರಿತ್ತು. ಸಮಿತಿಯ ಅಧ್ಯಕ್ಷರು ನನ್ನ ಚಿಕ್ಕಪ್ಪ, ಅಪ್ಪನ ಕೊನೆಯ ತಮ್ಮ. ತೆಂಗಿನ ತೋಟದ ಯಜಮಾನ, ಬಿಳಿ ಮೀಸೆ, ಹೆಗಲ ಮೇಲೆ ಸದಾ ಒಂದು ಟವೆಲ್ಲು. ಮಾತಿಗೆ ನಿಂತರೆ ಮೈಕು ಬೇಡ.

"ಮರಳು ಹೊಡೆಯೋ ಮಿಷಿನ್ ಐತಂತೆ ಕಣ್ರೀ. ಗಾಳಿ ಜೊತೇಲಿ ಮರಳು ಬಿಟ್ರೆ ಎಂಥಾ ಕಪ್ಪೂ ಕಿತ್ಕೊಂಡು ಹೋಯ್ತದೆ. ನಾನು ಫೋನ್ ಮಾಡಿ ಮಾತಾಡಿದೀನಿ. ಗುಡಿ ಹೊಸಾ ಪಾತ್ರೆ ಆದಂಗ್ ಆಗ್ತದೆ ನೋಡ್ತಿರಿ!" ಎಂದರು.

ಸಭೆಯಲ್ಲಿ ಎಲ್ಲರೂ ತಲೆದೂಗಿದರು. ನಾನು ಹಬ್ಬಕ್ಕೆ ಬಂದವಳು, ಹಿಂದೆ ಹೆಂಗಸರ ಜೊತೆ ಕೂತಿದ್ದೆ. ಕೂತಲ್ಲಿ ಕೂರಲಾಗಲಿಲ್ಲ.

"ಚಿಕ್ಕಪ್ಪ, ಕಪ್ಪು ಹೋಗುತ್ತೆ ಸರಿ. ಅದರ ಜೊತೆ ಮೂಗು, ಕಣ್ಣು, ಗೆಜ್ಜೆ ಎಲ್ಲಾ ಹೋಗುತ್ತಲ್ಲ, ಅದನ್ನ ಆ ಮಿಷಿನ್ನಿನವನು ವಾಪಸ್ ಕೆತ್ತಿಕೊಡ್ತಾನಾ?" ಎಂದು ಎದ್ದುನಿಂತೆ.

ಗುಡಿಯ ಹಿಂದೆ ಬಿದ್ದಿದ್ದ ಹಳೆಯ ಕಲ್ಲಿನ ಚೂರೊಂದನ್ನು ತಂದು, ಎಲ್ಲರ ಎದುರಿಗೆ ಅದು ಹೊಸದಾಗಿ ಮುರಿದಿದ್ದ ಕಡೆ ಉಗುರಿನಿಂದ ಗೀರಿದೆ. ಬಿಳಿಯ ಗೆರೆ ಬಿತ್ತು. ಉಗುರಿಗೆ ಸೋಲುವ ಕಲ್ಲು ಮರಳಿಗೆ ಸೋಲದೆ ಇರುತ್ತದೆಯೇ? ಬಿಸಿಲು ಗಾಳಿ ಕುಡಿದು ಮೇಲ್ಮೈ ಒಂದಿಷ್ಟು ಗಟ್ಟಿಯಾಗಿದೆ, ಅದೇ ಅದರ ಚರ್ಮ, ಆ ಚರ್ಮ ಸುಲಿದರೆ ಒಳಗಿನ ಮೆದುವಿಗೆ ಬೂಷ್ಟು ಇನ್ನೂ ಬೇಗ ಹತ್ತುತ್ತದೆ ಎಂದೆ. ಆಮೇಲೆ ಕೋಪದಲ್ಲಿ ಒಂದು ಮಾತು ಹೇಳಿದೆ. "ಅದು ಕೊಳೆ ಅಲ್ಲ ಕಣ್ರೀ, ಜೀವ! ಕೊಳೆ ಆದ್ರೆ ಉಜ್ಜಿದ್ರೆ ಹೋಗುತ್ತೆ. ಜೀವಕ್ಕೆ ಅನ್ನ-ನೀರು ನಿಲ್ಲಿಸಬೇಕು."

ಚಿಕ್ಕಪ್ಪ ನಕ್ಕರು ನೋಡಿ, ಜಗಲಿಯೆಲ್ಲ ನಕ್ಕಿತು.

"ಕೇಳಿದ್ರೇನ್ರಪ್ಪಾ, ಗೋಡೆಗೆ ಜೀವ ಬಂದೈತಂತೆ! ನಾಳೆ ಎದ್ದು ನಡೆದ್ಬಿಟ್ಟಾತು, ಹಗ್ಗ ಹಾಕಿ ಕಟ್ರೋ!"

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಇದೇ ಮಾತನ್ನು ಬೆಂಗಳೂರಿನಿಂದ ಯಾರಾದರೂ ಕೋಟು ಹಾಕಿಕೊಂಡು ಬಂದು ಹೇಳಿದ್ದರೆ ಹಾರ ಹಾಕುತ್ತಿದ್ದರು. ನನ್ನ ಕಿವಿಯೆಲ್ಲ ಬಿಸಿಯಾಯಿತು. "ಬಸವ ಜಯಂತಿವರೆಗೆ ಟೈಮ್ ಕೊಡಿ. ನಾನು ತೆಗೆದು ತೋರಿಸ್ತೀನಿ, ಒಂದು ಚೂರೂ ಕಲ್ಲು ಉದುರದ ಹಾಗೆ. ಆಗ್ಲಿಲ್ಲ ಅಂದ್ರೆ ನಿಮ್ಮ ಮಿಷಿನ್ ತರಿಸ್ಕೊಳ್ಳಿ, ನಾನು ಉಸಿರೆತ್ತಲ್ಲ" ಎಂದುಬಿಟ್ಟೆ. ಚಿಕ್ಕಪ್ಪ ಮೀಸೆ ತಿರುವಿ, "ಆಯ್ತು ಕಣವ್ವಾ, ಎಲ್ರೂ ಸಾಕ್ಷಿ" ಎಂದರು.

ಮನೆಗೆ ಬಂದ ಮೇಲೆ ಆಡಿದ ಮಾತಿನ ಭಾರ ಗೊತ್ತಾಯಿತು. ಪಾಠ ಮಾಡುವುದು ಬೇರೆ, ಗೋಡೆ ತೊಳೆಯುವುದು ಬೇರೆ. ಹಳೆಯ ಶಿಲ್ಪಗಳನ್ನು ಕಾಪಾಡುವ ಕೆಲಸದಲ್ಲಿರುವ ನನ್ನ ಸಹಪಾಠಿಯೊಬ್ಬಳಿಗೆ ಫೋನು ಹಚ್ಚಿದೆ. ಅವಳು ಹೇಳಿದ್ದು ಇಷ್ಟು. ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕು. ಮೆತ್ತನೆಯ ಬ್ರಷ್ಷು, ಬಿದಿರು ಕಡ್ಡಿ ಬಿಟ್ಟು ಬೇರೇನೂ ಮುಟ್ಟಿಸಬೇಡ. ಆಸಿಡ್ಡು, ಬ್ಲೀಚಿಂಗ್ ಪೌಡರ್ರು, ತಂತಿ ಬ್ರಷ್ಷು ಹತ್ತಿರ ಸುಳಿಯಕೂಡದು. ಏನು ಮಾಡುವುದಿದ್ದರೂ ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅಂಗೈಯಗಲ ಮಾಡಿ, ಕಾದು ನೋಡು.

ನೀರು ಎಲ್ಲಿಂದ ಎಂಬುದು ಮೇಲೆ ಹತ್ತಿದ ಕೂಡಲೇ ಗೊತ್ತಾಯಿತು. ಗುಡಿಯ ಮಾಳಿಗೆಯ ನೀರು ಹೊರಗೆ ಹಾರಬೇಕಾದ ದೋಣಿಯೊಳಗೆ ಅರಳಿ ಗಿಡ ಬೇರುಬಿಟ್ಟು ಕೂತಿತ್ತು. ಮಳೆಯ ನೀರೆಲ್ಲ ಗೋಡೆಯ ಮೈಮೇಲೇ ಇಳಿಯುತ್ತಿತ್ತು. ಗಿಡ ತೆಗೆಸಿ, ದೋಣಿಯ ಬಾಯಿ ಬಿಡಿಸಿದೆ.

ಉಜ್ಜುವ ಕೆಲಸಕ್ಕೆ ಬಂದವರು ಚಿಕ್ಕಮ್ಮ ಮತ್ತು ಅವರ ಸ್ತ್ರೀಶಕ್ತಿ ಸಂಘದ ಹೆಂಗಸರು. ಚಿಕ್ಕಮ್ಮ ಎಂದರೆ ಚಿಕ್ಕಪ್ಪನ ಹೆಂಡತಿ. ಗಂಡನ ವಿರುದ್ಧ ನಿಲ್ಲುವ ಅವಕಾಶವನ್ನು ಅವರು ಬಿಟ್ಟವರೇ ಅಲ್ಲ. ಮೊದಲ ದಿನ ಎಲ್ಲರೂ ಸ್ಟೀಲಿನ ನಾರು, ಒಲೆಯ ಬೂದಿ ಹಿಡಿದುಕೊಂಡು ಬಂದಿದ್ದರು.

"ಅಯ್ಯೋ, ಪಾತ್ರೆ ತಿಕ್ಕಿದಂಗೆ ತಿಕ್ಬಿಟ್ರೆ ಮಧ್ಯಾಹ್ನದೊಳಗೆ ಮುಗೀತದೆ ಕಣೇ" ಎಂದರು ಚಿಕ್ಕಮ್ಮ.

"ಮುಟ್ಟಿದ್ರೆ ನೋಡು ಚಿಕ್ಕಮ್ಮ!" ಎಂದು ನಾನು ಕೂಗಿದ ಕೂಗಿಗೆ ಗೋಪುರದ ಪಾರಿವಾಳಗಳು ಹಾರಿದವು.

ಎಲ್ಲರ ಕೈಗೂ ಹಲ್ಲುಜ್ಜುವ ಬ್ರಷ್ಷು ಕೊಟ್ಟೆ. ನಮ್ಮ ಬೋರ್‌ವೆಲ್ ನೀರು ಗಡಸು, ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಆ ಉಪ್ಪು ಕಲ್ಲಿನೊಳಗೆ ಇಳಿದರೆ ಇನ್ನೊಂದು ಕೇಡು. ಅದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ತರಿಸಿದೆ. "ನಮ್ಗೆ ಸ್ನಾನಕ್ಕೆ ಉಪ್ಪು ನೀರು, ಗೋಡೆಗೆ ಫಿಲ್ಟ್ರು ನೀರು. ಮುಂದಿನ ಜನ್ಮಕ್ಕೆ ಗೋಡೆಯಾಗಿ ಹುಟ್ಟೋಣ ಬಿಡ್ರಮ್ಮ" ಎಂದು ಹೆಂಗಸರು ನಗುತ್ತಿದ್ದರು. ಕಲ್ಲುಹೂವಿನ ಹಕ್ಕಳೆ ತೆಗೆಯುವಾಗ ಚಿಕ್ಕಮ್ಮ ಒಂದನ್ನು ಮೂಸಿ, "ಇದನ್ನೇ ಅಲ್ವೇನೇ ಮಸಾಲೆಗೆ ಹಾಕೋದು? ಯಾಕೆ ಬಿಸಾಕ್ತೀಯ?" ಎಂದರು. ಇದು ಅದಲ್ಲ, ಅದರ ದಾಯಾದಿ ಎಂದೆ. ದಾಯಾದಿ ಎಂದ ಮೇಲೆ ಕರುಣೆ ತೋರಿಸದೆ ಕೆರೆದರು.

ಜಗ್ಗದ ಕಡೆಗಳಿಗೆ, ಆಸ್ಪತ್ರೆಗಳಲ್ಲಿ ಬಳಸುವ ಜಾತಿಯ ಒಂದು ಔಷಧಿಯನ್ನು ಗೆಳತಿ ಹೇಳಿದ ಹದಕ್ಕೆ ತೆಳುಮಾಡಿ, ಕೈಗವಸು ಹಾಕಿಕೊಂಡು ನಾನೇ ಸವರಿದೆ. ಬೂಷ್ಟು ಬೇರುಸಹಿತ ಸತ್ತು ಒಣಗಲಿ ಎಂದು ಕೆಲವು ದಿನ ಬಿಟ್ಟು, ಆಮೇಲೆ ಉಜ್ಜಿ, ಔಷಧಿಯ ಅಂಶ ಉಳಿಯದಂತೆ ಒಳ್ಳೆಯ ನೀರಿನಿಂದ ತೊಳೆದೆವು. ಭಾನುವಾರ ಬಂತೆಂದರೆ ನನಗೆ ಅದೇ ಕೆಲಸ. ಮದ್ದಲೆಯವನನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಮೂಗು ಬಂತು, ಮುಗುಳ್ನಗೆ ಬಂತು, ಮದ್ದಲೆಯ ಹುರಿಗಳು ಬಂದವು. ಕೊನೆಗೆ ಬಿದಿರಿನ ಸಿಬಿರಿನಿಂದ ಗೆಜ್ಜೆಯ ಸಂದಿನ ಕಸ ಬಿಡಿಸಿ, ಸೀರೆಯ ಸೆರಗಿನಿಂದ ಒಂದು ದಾರ ಎಳೆದು, ಎಂಜಲು ಹಚ್ಚಿ ತೂರಿಸಿದೆ. ಆ ಕಡೆ ಬಂತು! ಸಂತೋಷಕ್ಕೆ ಅಳು ಬಂದುಬಿಟ್ಟಿತು. ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ಒಬ್ಬೊಬ್ಬರೂ ದಾರ ತೂರಿಸಿ ನೋಡಿದರು.

ಬಸವ ಜಯಂತಿಯ ದಿನ ಊರಿಗೆ ಊರೇ ಗೋಡೆಯ ಮುಂದೆ ನಿಂತಿತ್ತು. ಚಿಕ್ಕಪ್ಪ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿದರು. "ಸೋತೆ ಕಣವ್ವಾ" ಎಂದು ಎಲ್ಲರೆದುರು ಹೇಳಿ, ಹೆಗಲ ಮೇಲಿನ ಟವೆಲ್ಲನ್ನು ನನಗೇ ಹೊದಿಸಿದರು. ನಾನು ಆಕಾಶಕ್ಕೆ ಮೂರೇ ಗೇಣು ಎನ್ನುವಂತಿದ್ದೆ.

ಖುಷಿಯಾದರೆ ನಮ್ಮ ಕಡೆಯವರು ಏನು ಮಾಡುತ್ತಾರೆ? ತೆಂಗಿನಕಾಯಿ ಒಡೆಯುತ್ತಾರೆ. ಗುಡಿಯ ಆ ಬಡಗಣ ಮೂಲೆಯ ತಳಗಲ್ಲಿಗೆ, ಮದ್ದಲೆಯವನ ಕಾಲ ಕೆಳಗೇ, ಈಡುಗಾಯಿ ಒಡೆಯುವುದು ನಮ್ಮೂರ ವಾಡಿಕೆ. ಅವತ್ತು ಮನೆಗೊಂದರಂತೆ ಕಾಯಿ ಬಂತು. ಢಬ್, ಢಬ್ ಎಂದು ಒಡೆದರು, ನೀರು ಚಿಮ್ಮಿ ಗೋಡೆಯೆಲ್ಲ ತೊಯ್ದು ಹೊಳೆಯಿತು. ನಾನು ಚಪ್ಪಾಳೆ ತಟ್ಟಿದೆ, ಹೋಳನ್ನು ಬೆಲ್ಲದ ಜೊತೆ ಕಡಿದು ತಿಂದೆ. ನಾನು ಕಡೂರಿಗೆ ಹೊರಟ ಮೇಲೆ ಯಾರಿಗೋ ಇನ್ನೊಂದು ಯೋಚನೆ ಬಂತಂತೆ. ದೇವರ ಕಲ್ಲಿಗೆ ಎಣ್ಣೆ ಸವರಿದರೆ ಮಿಂಚುತ್ತದಲ್ಲ! ಗಾಣದ ಕೊಬ್ಬರಿ ಎಣ್ಣೆ ತಂದು ಮದ್ದಲೆಯವನಿಗೆ ತಲೆಯಿಂದ ಕಾಲಿನವರೆಗೆ ಅಭ್ಯಂಜನ ಮಾಡಿಸಿದ್ದಾರೆ. ಪ್ರೀತಿಯಿಂದಲೇ ಮಾಡಿದ್ದು, ಏನು ಹೇಳೋಣ?

ಮಳೆಗಾಲ ಬಂತು. ಕಾಲೇಜಿನ ಪರೀಕ್ಷೆ, ಮೌಲ್ಯಮಾಪನ ಎಂದು ನಾನು ಊರ ಕಡೆ ತಲೆಹಾಕಲಿಲ್ಲ. ಶ್ರಾವಣದ ಕೊನೆಯಲ್ಲಿ ಚಿಕ್ಕಮ್ಮ ಫೋನು ಮಾಡಿ, "ಒಂದ್ಸಲ ಬಂದು ಹೋಗೇ" ಎಂದರು. ಧ್ವನಿಯಲ್ಲಿ ಏನೋ ಸರಿಯಿರಲಿಲ್ಲ.

ಹೋಗಿ ನೋಡಿದರೆ ಮದ್ದಲೆಯವನು ಮತ್ತೆ ಕಪ್ಪಗೆ ನಿಂತಿದ್ದಾನೆ. ಮೊದಲಿಗಿಂತ ಕಪ್ಪಗೆ! ಮುಟ್ಟಿದರೆ ಬೆರಳಿಗೆ ಜಿಗಟು ಹತ್ತಿತು. ಗೆಜ್ಜೆಯ ಸಂದು ಮತ್ತೆ ಮುಚ್ಚಿಹೋಗಿತ್ತು.

ಚಿಕ್ಕಪ್ಪ ಅಣಕಿಸಿದ್ದರೆ ಜಗಳವಾಡುತ್ತಿದ್ದೆ. ಅವರು ಅಣಕಿಸಲಿಲ್ಲ. "ಬಿಡವ್ವಾ, ಕೈಲಾದಷ್ಟು ಮಾಡ್ದೆ. ದೀಪಾವಳಿ ಕಳೆದು ಮಳೆ ನಿಂತ್ಮೇಲೆ ಮಿಷಿನ್ನೋನು ಬತ್ತೀನಿ ಅಂದವ್ನೆ" ಎಂದು ಬೆನ್ನು ತಟ್ಟಿದರು. ಆ ಕರುಣೆ ಇದೆಯಲ್ಲ, ಅದನ್ನು ತಡೆಯಲಾಗಲಿಲ್ಲ. ಅವರು ಹೋದ ಮೇಲೆ ಗೋಡೆಯ ಮುಂದೆ ಒಬ್ಬಳೇ ಕೂತು, ಬೂಷ್ಟಿಗೂ ಬೈದೆ, ಮಳೆಗೂ ಬೈದೆ, ಮದ್ದಲೆಯವನಿಗೂ ಬೈದೆ. ಮಾತು ಕೊಟ್ಟಿದ್ದೆ, ಇನ್ನು ಉಸಿರೆತ್ತುವ ಹಾಗಿರಲಿಲ್ಲ. ದೀಪಾವಳಿಯಾದ ಮೇಲೆ ಆ ಗೆಜ್ಜೆ ಇರುವುದಿಲ್ಲ, ಅಷ್ಟೇ.

ಬೈದು ಬೈದು ಸುಸ್ತಾದ ಮೇಲೆ ಕಣ್ಣು ತೆರೆದು ನೋಡಿದೆ. ಗೋಡೆಯ ಮೇಲ್ಭಾಗ ಸ್ವಚ್ಛವಾಗಿಯೇ ಇತ್ತು! ಮೊದಲು ಮಾಳಿಗೆಯ ನೀರು ಇಳಿಯುತ್ತಿದ್ದ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಕಪ್ಪು ಹತ್ತಿದ್ದು ಕೆಳಗಿನ ಮೂಲೆಗೆ ಮಾತ್ರ, ಅದೂ ನೀರು ಎರಚಿದಾಗ ಬೀಳುವ ಆಕಾರದಲ್ಲಿ. ಮತ್ತೆ, ತಳಗಲ್ಲಿನಿಂದ ಮದ್ದಲೆಯವನ ಮೊಣಕಾಲಿನವರೆಗೆ ಒಂದು ಸಾಲು ಇರುವೆ ಹತ್ತುತ್ತಾ ಇತ್ತು. ಇರುವೆ ಸುಮ್ಮನೆ ಬೆಟ್ಟ ಹತ್ತುವ ಪ್ರಾಣಿಯಲ್ಲ. ಸಿಹಿ ಇಲ್ಲದ ಕಡೆ ಅದಕ್ಕೇನು ಕೆಲಸ?

ಹಣೆ ಚಚ್ಚಿಕೊಂಡೆ. ನಾನು ನೀರು ನಿಲ್ಲಿಸಿದ್ದೆ, ಅನ್ನ ನಿಲ್ಲಿಸಿರಲಿಲ್ಲ! ಎಳನೀರಿನಲ್ಲಿ, ಕಾಯಿಯ ನೀರಿನಲ್ಲಿ ಬೂಷ್ಟು ಬೆಳೆಸಬಹುದೆಂದು ತರಗತಿಯಲ್ಲಿ ಹೇಳುವವಳು ನಾನು. ನನ್ನ ಕಣ್ಣ ಮುಂದೆಯೇ ಊರೆಲ್ಲ ಸೇರಿ ಗೋಡೆಗೆ ಸಿಹಿ ಊಟ ಬಡಿಸಿ, ನಾನು ಹೊರಟ ಮೇಲೆ ಎಣ್ಣೆಯನ್ನೂ ಸವರಿತ್ತು. ಮೈಮೇಲೆ ಧೂಳು ನಿಲ್ಲುವುದಕ್ಕೆ ಆ ಎಣ್ಣೆಯೂ ಸಾಕು.

ಆದರೆ ಇದನ್ನು ಊರಿಗೆ ಹೇಳುವುದು ಹೇಗೆ? ದೇವರಿಗೆ ಕಾಯಿ ಒಡೆಯಬೇಡಿ ಎಂದರೆ ನನ್ನನ್ನು ಗಡೀಪಾರು ಮಾಡುತ್ತಾರೆ. ಬಾಯಿಮಾತು ಸಾಲದು ಎಂದುಕೊಂಡೆ. ಗುಡಿಯ ಹಿಂದಿನ ಹಳೆಯ ಕಲ್ಲಿನಿಂದ ಎರಡು ಚೂರು ತಂದು, ಕಡೂರಿನ ನಮ್ಮ ಮನೆಯ ಹಿತ್ತಲ ನೆರಳಿನಲ್ಲಿ ಪಕ್ಕಪಕ್ಕದಲ್ಲೇ ಇಟ್ಟೆ. ಒಂದಕ್ಕೆ ಬರೀ ಮಳೆಯ ನೀರು ಚಿಮುಕಿಸಿದೆ, ಇನ್ನೊಂದಕ್ಕೆ ಕಾಯಿಯ ನೀರು. ಚಟ್ನಿಗೆ ಕಾಯಿ ಒಡೆದಾಗಲೆಲ್ಲ ನನ್ನ ಗಂಡ, "ನಿನ್ನ ಕಲ್ಲಿಗೆ ನೈವೇದ್ಯ ತಗೋ" ಎಂದು ಲೋಟ ಚಾಚುತ್ತಿದ್ದರು. ಆ ವರ್ಷ ಹಿಂಗಾರೂ ಚೆನ್ನಾಗಿ ಹಿಡಿಯಿತು. ಮಿಷಿನ್ನಿನವನು ಬರುವುದೂ ಅದರಿಂದ ಮುಂದಕ್ಕೆ ಹೋಯಿತು. ಮಳೆಗೆ ನಾನು ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡೆ.

ಕಾರ್ತಿಕ ಸೋಮವಾರ, ಬೆಳಗಿನ ಪೂಜೆ ಮುಗಿದ ಮೇಲೆ ಸಭೆ. ಮಿಷಿನ್ನಿನವನಿಗೆ ಯಾವತ್ತು ಬಾ ಎನ್ನಬೇಕು ಎಂಬುದೊಂದೇ ವಿಷಯ. ನಾನು ಎರಡು ಚೂರನ್ನೂ ಹರಿವಾಣದಲ್ಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಹೋಗಿದ್ದೆ. ಎಲ್ಲರೆದುರು ಇಟ್ಟು ಬಟ್ಟೆ ತೆಗೆದೆ. ಒಂದು ಚೂರು ಇದ್ದ ಹಾಗೇ ಇತ್ತು, ಎಲ್ಲೋ ಒಂಚೂರು ಹಸಿರು. ಇನ್ನೊಂದು ಕಾಡಿಗೆ ಮೆತ್ತಿದ ಹಾಗೆ ಕಪ್ಪಗೆ, ಮೇಲೆ ತುಪ್ಪಳ ಬೇರೆ.

"ಇದಕ್ಕೆ ಮಳೆ ನೀರು. ಇದಕ್ಕೆ ನಮ್ಮ ತೆಂಗಿನಕಾಯಿ ನೀರು. ಕಲ್ಲೂ ಒಂದೇ, ಜಾಗವೂ ಒಂದೇ. ಮೂಸಿ ನೋಡಿ" ಎಂದೆ.

ಮೂಸಿದವರು ಮುಖ ಹಿಂಡಿದರು. ಚಿಕ್ಕಪ್ಪ ಮಾತ್ರ ಸುಲಭಕ್ಕೆ ಬಗ್ಗುವವರಲ್ಲ. "ನಮ್ಮಪ್ಪ ಒಡೀತಿದ್ರು, ಅವರಪ್ಪ ಒಡೀತಿದ್ರು. ಆಗೇನು ಗೋಡೆ ಕಪ್ಪಾಗಿತ್ತಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಉತ್ತರ ಹುಡುಕುತ್ತಿರುವಾಗಲೇ ಹಿಂದಿನಿಂದ ಚಿಕ್ಕಮ್ಮ ಎದ್ದರು.

"ಆಗ ನಿಮ್ಮನೇಲಿ ತೆಂಗಿನಕಾಯಿ ಎಲ್ಲಿತ್ತು? ನಾನು ಮದ್ವೆಯಾಗಿ ಬಂದಾಗ ಬರೀ ರಾಗಿ ಹೊಲ. ವರ್ಷಕ್ಕೊಂದು ಕಾಯಿ ಒಡೆದ್ರೆ ಅದೇ ದೊಡ್ಡದು, ಅದನ್ನೂ ಆಯ್ಕೊಂಡು ಬಂದು ಸಾರಿಗೆ ಹಾಕ್ತಿದ್ರು ನಿಮ್ಮಮ್ಮ. ಈಗ ಬೋರ್ ಬಿದ್ದು ಎಲ್ರೂ ತೋಟ ಮಾಡ್ಕೊಂಡ್ರಿ. ಲೋಡ್ ಹೊರಟ್ರೆ ಕಾಯಿ, ಬೈಕ್ ತಂದ್ರೆ ಕಾಯಿ, ಮೊಬೈಲ್ ತಂದ್ರೂ ಕಾಯಿ!"

ಸಭೆ ಗೊಳ್ಳೆಂದಿತು. ಮೊಬೈಲಿಗೆ ಕಾಯಿ ಒಡೆದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆದರೆ ಆಮೇಲೆ ಅವರು ಕೇಳಿದ್ದು ತಮಾಷೆಯ ಮಾತಾಗಿರಲಿಲ್ಲ. ಧ್ವನಿ ತಗ್ಗಿಸಿ, "ಆಯ್ತು ಕಣವ್ವಾ, ನಿನ್ನ ಮಾತೇ ಸರಿ ಅನ್ನು. ಸ್ವಾಮಿಗೆ ಅಂತ ಹರಸ್ಕೊಂಡ ಕಾಯಿನ ಬೇರೆ ಎಲ್ಲೋ ಒಡೆದ್ರೆ ಅದು ಸ್ವಾಮಿಗೆ ಸಲ್ಲುತ್ತಾ? ಅದನ್ನ ನಿನ್ನ ಮೈಕ್ರೋಸ್ಕೋಪು ಹೇಳುತ್ತಾ?" ಎಂದರು.

ಹೇಳುವುದಿಲ್ಲ. ಎಲ್ಲರ ಕಣ್ಣೂ ಕಂಬಕ್ಕೊರಗಿ ಕೂತಿದ್ದ ಅಯ್ನೋರ ಕಡೆ ತಿರುಗಿತು. ಅಯ್ನೋರು ಎಂದರೆ ನಮ್ಮ ಗುಡಿಯ ಪೂಜೆಯವರು, ಹಿರಿಯರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನನಗೆ ನೆನಪಾಯಿತು. ಅವರು ಕಪ್ಪು ಚೂರನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರು.

"ನಾನು ಇಷ್ಟು ವರ್ಷ ಒಳಗೆ ಕಾಯಿ ಒಡೆದಿದೀನಿ. ಎಲ್ಲಿ ಒಡೀತೀನಿ?" ಎಂದು ಕೇಳಿದರು.

"ನೆಲದ ಮೇಲಿನ ಗುಂಡುಕಲ್ಲಿಗೆ" ಎಂದಿತು ಸಭೆ.

"ಲಿಂಗದ ನೆತ್ತಿ ಮೇಲೆ ಒಡೆದಿದ್ದು ಯಾರಾದ್ರೂ ಕಂಡಿದೀರಾ? ಕಾಣ್ಲಿಲ್ಲ. ಒಡೆದ್ರೆ ನೀವು ನನ್ನ ಬಿಡ್ತಿದ್ರಾ? ಲಿಂಗ ಸ್ವಾಮಿಯಾದ್ರೆ ಗುಡಿ ಸ್ವಾಮಿ ಮೈ ಅಲ್ವೇನ್ರಪ್ಪಾ? ಒಳಗಿನ ಕಲ್ಲಿಗೆ ಹೂವು ಇಟ್ಟು, ಹೊರಗಿನ ಕಲ್ಲಿಗೆ ಕಾಯಲ್ಲಿ ಹೊಡೀತಿದೀವಲ್ಲ, ಅದನ್ನ ಯೋಚ್ನೆ ಮಾಡಿ."

ಚಿಕ್ಕಪ್ಪ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ, ನಡೆದೇಬಿಟ್ಟರು. ಅಧ್ಯಕ್ಷರು ಹೋದ ಮೇಲೆ ತೀರ್ಮಾನವೆಲ್ಲಿ? ಸಭೆ ಅಲ್ಲಿಗೇ ಮುರಿಯಿತು. ನಾನು ಆ ರಾತ್ರಿ ತವರಿನಲ್ಲೇ ಉಳಿದೆ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪನ ಕೊಬ್ಬರಿಯ ಲೋಡು ಅರಸೀಕೆರೆಗೆ ಹೊರಡುವುದಿತ್ತು. ಲೋಡು ಹೊರಡುವ ಮುನ್ನ ಮೂಲೆಗಲ್ಲಿಗೆ ಕಾಯಿ ಒಡೆಯುವುದು ಅವರ ಪದ್ಧತಿ. ಅವರು ಎಲ್ಲಿ ಒಡೆಯುತ್ತಾರೋ ಊರೂ ಅಲ್ಲೇ ಒಡೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಯಾರೂ ಕರೆಯದಿದ್ದರೂ ಗುಡಿಯ ಮುಂದೆ ಜನ ಸೇರಿತು. ಹೆಂಗಸರು ಕೊಡ ಇಟ್ಟುಕೊಂಡು ನಿಂತರು. ನಾನು ಮದ್ದಲೆಯವನ ಪಕ್ಕದಲ್ಲೇ ನಿಂತೆ. ಅಡ್ಡ ನಿಂತೆ ಎಂದರೂ ಸರಿಯೇ.

ಮೊದಲು ಬಂದದ್ದು ಲಾರಿಯಲ್ಲ, ಚಿಕ್ಕಪ್ಪನ ಟ್ರ್ಯಾಕ್ಟರು. ಹಿಂದೆ ಸರಪಳಿ ಬಿಗಿದು ಏನನ್ನೋ ಉರುಳಿಸಿಕೊಂಡು ಬರುತ್ತಿತ್ತು. ಹತ್ತಿರ ಬಂದ ಮೇಲೆ ಗುರುತು ಸಿಕ್ಕಿತು. ರೋಣಗಲ್ಲು! ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತುಗಳು ಎಳೆಯುತ್ತಿದ್ದ ಉರುಳೆಕಲ್ಲು. ಹೊಲ ತೋಟವಾದ ಮೇಲೆ ಕೆಲಸವಿಲ್ಲದೆ ಬೇಲಿ ಬದಿಯಲ್ಲಿ ಬಿದ್ದಿತ್ತು. ಕರೀ ಕಗ್ಗಲ್ಲು. ಉಗುರಿಗಲ್ಲ, ಹಾರೆಗೂ ಬಗ್ಗದ ಕಲ್ಲು.

ಗುಡಿಯಿಂದ ದೂರಕ್ಕೆ, ಬಿಲ್ವಪತ್ರೆ ಮರದ ಬುಡಕ್ಕೆ ಅದನ್ನು ಉರುಳಿಸಿ ನೆಲಕ್ಕೆ ಗಟ್ಟಿಯಾಗಿ ಕೂರಿಸಿದರು. ಚಿಕ್ಕಪ್ಪ ಅದಕ್ಕೆ ವಿಭೂತಿ ಹಚ್ಚಿ, ಅಯ್ನೋರ ಕಡೆ ಒಮ್ಮೆ ನೋಡಿದರು. ಅಯ್ನೋರು ತಲೆಯಾಡಿಸಿದರು. ಚಿಕ್ಕಪ್ಪ ಕಾಯಿ ಎತ್ತಿದರು.

"ಸ್ವಾಮೀ, ಇಷ್ಟು ದಿನ ನಿನ್ನ ಮೈಗೇ ಹೊಡೆದ್ವಿ, ಗೊತ್ತಾಗ್ಲಿಲ್ಲ. ನಮ್ಮನ್ನ ಸಾಕಿದ್ದು ಈ ಕಲ್ಲು. ಇನ್ಮೇಲೆ ನಮ್ಮ ಕಾಯಿನ ಇದರ ಮೇಲೆ ಇಸ್ಕೊ" ಎಂದರು. ಢಬ್! ಕಾಯಿ ಹೋಳಾಗಿ ಚೆಲ್ಲಿತು. ನೀರು ರೋಣಗಲ್ಲಿನ ಮೇಲಿಂದ ಇಳಿದು ಬಿಲ್ವದ ಬುಡಕ್ಕೆ ಇಂಗಿತು.

ಆಮೇಲೆ ನೋಡಬೇಕಿತ್ತು! ನಾ ಮುಂದು ತಾ ಮುಂದು ಎಂದು ಮನೆಮನೆಯಿಂದ ಕಾಯಿ ಬಂತು. ಚಿಕ್ಕಪ್ಪ ಅಲ್ಲೇ ನಿಂತು ಮಿಷಿನ್ನಿನವನಿಗೆ ಫೋನು ಹಚ್ಚಿ, "ಬರೋದು ಬೇಡ ಕಣಯ್ಯ, ನಮ್ಮ ಮೇಷ್ಟ್ರಮ್ಮ ಅವ್ಳೆ" ಎಂದರು. ನಾನು ಗೆದ್ದೆ ಎಂದು ಕುಣಿದೆ. ಕಾಲೇಜಿನಲ್ಲಿ ಪಾಠ ಮಾಡುವವಳು ಹಾಗೆಲ್ಲ ಕುಣಿಯಬಾರದಂತೆ. ಕುಣಿದೆ!

ಆ ಬೇಸಿಗೆ ಹೆಂಗಸರೆಲ್ಲ ಸೇರಿ ಮತ್ತೆ ಬ್ರಷ್ಷು ಹಿಡಿದೆವು. ಎಣ್ಣೆಯ ಜಿಡ್ಡು ಬಿಡಿಸಲು ಮೈ ಮುರಿಯಿತು. ಆಮೇಲೆ ಇಡೀ ಒಂದು ಮಳೆಗಾಲ ಉಸಿರು ಬಿಗಿಹಿಡಿದು ಕಾದೆ. ಆಷಾಢ ಬಂತು, ಹೋಯಿತು. ಶ್ರಾವಣ ಬಂತು, ಹೋಯಿತು. ಗೋಡೆಗೆ ಏನೂ ಆಗಲಿಲ್ಲ. ರೋಣಗಲ್ಲು ಮಾತ್ರ ಕರಿಯ ಮೇಲೆ ಇನ್ನಷ್ಟು ಕರಿಯಾಗಿ, ತುಪ್ಪಳ ಬಿಟ್ಟುಕೊಂಡು, ಸಂಭ್ರಮದಲ್ಲಿತ್ತು. ಅದಕ್ಕೆ ಅದರಿಂದ ನಷ್ಟವೇನೂ ಇಲ್ಲ. ಬಿಲ್ವಕ್ಕೆ ಹೊಸ ಚಿಗುರು ಬಂದಿತ್ತು.

ಈ ಸಲದ ದೀಪಾವಳಿಗೆ ನಾನು ಊರಿಗೆ ಹೋದಾಗ ಚೌಳಹಿರಿಯೂರಿನಿಂದ ನೆಂಟರೊಬ್ಬರು ಬಂದಿದ್ದರು. ಹಳೆಯ ವಾಡಿಕೆ ಗೊತ್ತಿದ್ದವರು. ಕೈಯಲ್ಲಿ ಕಾಯಿ ಹಿಡಿದು ನೇರವಾಗಿ ಬಡಗಣ ಮೂಲೆಗೆ ಹೋಗಿ ಎತ್ತಿಯೇಬಿಟ್ಟರು. ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಜಗಲಿಯ ಮೇಲಿಂದ ಒಂದು ಗರ್ಜನೆ.

"ಮುಟ್ಟಿದ್ರೆ ನೋಡು!"

ಚಿಕ್ಕಪ್ಪ. ಪಾರಿವಾಳಗಳೆಲ್ಲ ಹಾರಿದವು. ನೆಂಟರು ಕಾಯಿ ಹಿಡಿದ ಕೈ ಮೇಲೇ ಬಿಟ್ಟುಕೊಂಡು ಕಲ್ಲಾದರು. ಚಿಕ್ಕಪ್ಪ ದಡದಡ ಇಳಿದು ಬಂದು ಅವರ ಕೈಯಿಂದ ಕಾಯಿ ಕಿತ್ತುಕೊಂಡು, "ಅದು ಕೊಳೆ ಅಲ್ಲ ಕಣಯ್ಯ, ಜೀವ! ಕೊಳೆ ಆದ್ರೆ ಉಜ್ಜಿದ್ರೆ ಹೋಯ್ತದೆ. ಜೀವಕ್ಕೆ ಅನ್ನ-ನೀರು ನಿಲ್ಲಿಸ್ಬೇಕು. ಇಷ್ಟೂ ಗೊತ್ತಿಲ್ವಾ ನಿಂಗೆ?" ಎಂದು ಪಾಠ ಶುರುಮಾಡಿದರು. ಗೆದ್ದೆತ್ತಿನ ಬಾಲ ಹಿಡಿಯುವುದೆಂದರೆ ಇದೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಿಕ್ಕಮ್ಮ ನನ್ನ ಪಕ್ಕೆಗೆ ತಿವಿದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ನೆಂಟರು ನಂಬಿದ ಹಾಗೆ ಕಾಣಲಿಲ್ಲ. ಚಿಕ್ಕಪ್ಪ ಹೆಗಲ ಟವೆಲ್ಲಿನ ಅಂಚಿನಿಂದ ಸರ್ರನೆ ಒಂದು ದಾರ ಎಳೆದರು. ಮಂಡಿಯೂರಿ ಕೂತು, ದಾರಕ್ಕೆ ಎಂಜಲು ಹಚ್ಚಿ, ಒಂದು ಕಣ್ಣು ಮುಚ್ಚಿ, ಆ ದಪ್ಪ ಬೆರಳುಗಳಲ್ಲಿ ಮದ್ದಲೆಯವನ ಗೆಜ್ಜೆಯ ಸಂದಿಗೆ ತೂರಿಸಿದರು. ಆ ಕಡೆಯಿಂದ ದಾರದ ತುದಿ ಹೊರಗೆ ಬಂತು.

"ಬಂತಾ?" ಎಂದರು ಚಿಕ್ಕಪ್ಪ, ಹುಡುಗನ ಹಾಗೆ ಮುಖ ಅರಳಿಸಿಕೊಂಡು. "ಬಂತು ಚಿಕ್ಕಪ್ಪ" ಎಂದೆ ನಾನು.